ಬರಿಗಾಲಿನ ಕಾರು

ನಮ್ಮೂರು ಸತ್ತಿಯಲ್ಲಿ ಒಂದು ವಸ್ತು ಚೆನ್ನಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳುತ್ತಾರೆ. ಕೊಡ, ಕಂಬಳಿ, ಎಮ್ಮೆ, ಎಲ್ಲಕ್ಕೂ ಅದೊಂದೇ ಪ್ರಶ್ನೆ. ನಾನು ಸೊಸೆಯಾಗಿ ಬಂದಾಗಲೂ ಯಾರಾದರೂ ಕೇಳಿಯೇ ಇರುತ್ತಾರೆ, ನನ್ನ ಕಿವಿಗೆ ಬೀಳಲಿಲ್ಲ ಅಷ್ಟೆ. ಹೀಗಾಗಿ ನಮ್ಮ ಕಾರಿನ ಟೈರುಗಳು ಸವೆದು ಬೋಳಾದಾಗ ಹೊಸವು ಎಂಥವು ಬೇಕು ಎನ್ನುವುದರಲ್ಲಿ ಮನೆಮಂದಿಗೆಲ್ಲ ಒಂದೇ ಅಭಿಪ್ರಾಯವಿತ್ತು. ನನಗೆ ಬೇರೆ ಇತ್ತು, ಏಕೆಂದರೆ ದಿನಾ ಆ ಕಾರು ಓಡಿಸುವವಳು ನಾನು.

ಅಥಣಿಯ ಹತ್ತಿರದ ಒಂದು ಶಾಲೆಯಲ್ಲಿ ನನ್ನ ನೌಕರಿ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆ, ಅಂದರೆ ಬಸ್ಸಿನ ಬಾಗಿಲಲ್ಲಿ ಜೋತಾಡಿಕೊಂಡು ಹೋಗುತ್ತಿದ್ದೆ. ಕಾರು ಕಲಿತ ಮೇಲೆ ಮಾವನವರು ಕೀಲಿಯನ್ನೇನೋ ಕೊಟ್ಟರು, ಜೊತೆಗೆ ಕಟ್ಟಳೆಯನ್ನೂ ಕೊಟ್ಟರು. “ಒಂದ್ ಸಲ ಗಾಡಿ ಜಾರಿ ರಸ್ತಾ ಬಿಡ್ತಂದ್ರ, ಕೀಲಿ ಗೂಟಕ್ಕ ವಾಪಸ್. ಮತ್ತ ಬಸ್ಸ ಗತಿ ನಿನಗ,” ಎಂದರು. ಗೂಟ ಎಂದರೆ ತಲಬಾಗಿಲ ಪಕ್ಕದ್ದು, ಅವರ ಟೊಪ್ಪಿಗೆ ನೇತಾಡುವ ಜಾಗ. ಆ ಗೂಟದ ಮುಂದೆ ಹಾದುಹೋಗುವಾಗೆಲ್ಲ ನಾನು ಕೀಲಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಆ ಕೀಲಿ ಕೈಯಲ್ಲಿದ್ದಾಗ ಮಾತ್ರ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ ಅನ್ನಿಸುತ್ತಿತ್ತು.

ಜಾರಿಸುವುದಕ್ಕೋ ನಮ್ಮ ರಸ್ತೆಗಳು ತುದಿಗಾಲಲ್ಲಿ ನಿಂತಿರುತ್ತವೆ. ಕೃಷ್ಣೆಯ ಬದಿಯ ಎರೆಮಣ್ಣನ್ನು ಟ್ರ್ಯಾಕ್ಟರುಗಳು ಹೊಲದಿಂದ ಎಳೆದು ತಂದು ಡಾಂಬರಿನ ಮೇಲೆ ಬಳಿಯುತ್ತವೆ. ಅದರ ಮೇಲೆ ಎರಡು ಹನಿ ಮಳೆ ಬಿದ್ದರೆ ಸಾಕು, ಎಣ್ಣೆ ಸವರಿದ ಹಂಚೇ.

ಟೈರ್ ಕೊಳ್ಳಲು ಅಥಣಿಗೆ ನಾನು, ನಮ್ಮ ಮನೆಯವರು, ಮಾವನವರು, ಜೊತೆಗೆ ಅವರ ತಮ್ಮ, ಅಂದರೆ ಕಾಕಾ ಹೊರಟೆವು. ಕಾಕಾನ ಬಳಿ ಟ್ರ್ಯಾಕ್ಟರ್ ಇರುವುದರಿಂದ ಗಾಲಿ ಇರುವ ಸಕಲ ವಸ್ತುಗಳ ಬಗ್ಗೆಯೂ ಅವನ ಮಾತೇ ಕೊನೆಯದು. ನಮ್ಮ ಮನೆಯವರು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಬೇಸಿಗೆ ಟೈರು, ಹಿಮದ ಟೈರು ಎಂದು ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟರು. ಅಥಣಿಯಲ್ಲಿ ಹಿಮ ಯಾವಾಗ ಬಿದ್ದೀತೆಂದು ಮಾತ್ರ ಹೇಳಲಿಲ್ಲ.

ಅಂಗಡಿಯವನು ಎರಡು ಬಗೆ ತೋರಿಸಿದ. “ಇದು ಬಿರಸ ರಬ್ಬರ್ರಿ, ಬಾಳ ದಿನ ಬರ್ತೈತಿ. ಇದು ಮೆತ್ತಂದು, ಹಸಿ ರಸ್ತಾದಾಗ ಹಿಡಿತ ಚಲೋ. ಆದ್ರ ಜರಾ ಜಲ್ದಿ ಸವಿತೈತ್ರಿ.”

‘ಸವಿತೈತ್ರಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವನವರು ಬಿರುಸು ಟೈರಿನ ಪಕ್ಕಕ್ಕೆ ಹೋಗಿ ನಿಂತುಬಿಟ್ಟರು. ಎತ್ತಿನ ಹಲ್ಲು ನೋಡುವ ಹಾಗೆ ಅದರ ಗೆರೆಗಳೊಳಗೆ ಬೆರಳು ಹಾಕಿ ನೋಡಿದರು. ಕಾಕಾ ಅದನ್ನು ಒದ್ದು ನೋಡಿ, “ಕಲ್ಲ ಐತಿ ನೋಡ ಅಣ್ಣಾ, ಕಲ್ಲ!” ಎಂದು ಮೆಚ್ಚಿದ.

ನನಗೆ ತಡೆಯಲಾಗಲಿಲ್ಲ. “ಮಾವಾರ, ಟಾಯರ್ ಒಂದ ಬಾಳಿ ಏನ್ ಮಾಡೂದ್ರಿ? ಒಳಗ ಕುಂತವರೂ ಬಾಳಬೇಕಲ್ರಿ?” ಎಂದೆ. ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ನಾಲ್ಕು ಜನರ ಎದುರು ಸೊಸೆಯ ಜೀವಕ್ಕಿಂತ ರಬ್ಬರು ಹೆಚ್ಚು ಎಂದು ಹೇಳಲಾರದೆ ಮಾವನವರು ಒಪ್ಪಿಕೊಂಡರು. ಮೆತ್ತನೆಯವು ಬಂದವು. ಹಳೆಯ ಬೋಳು ಟೈರುಗಳೂ ನಮ್ಮ ಜೊತೆಗೇ ಮನೆಗೆ ಬಂದವು. ನಮ್ಮ ಮನೆಯಿಂದ ಯಾವುದೂ ಹೊರಗೆ ಹೋಗುವುದಿಲ್ಲ.

ಇಲ್ಲಿ ಕಾಲ್ಮರಿಯ ವಿಷಯ ಹೇಳಲೇಬೇಕು. ಅಥಣಿಯ ತೊಗಲಿನ ಚಪ್ಪಲಿಗೆ ನಮ್ಮಲ್ಲಿ ಕಾಲ್ಮರಿ ಎನ್ನುತ್ತಾರೆ. ಮಳೆ ಹನಿಯಿತೆಂದರೆ ನಮ್ಮ ಹಿರಿಯರು ಮೊದಲು ಮಾಡುವ ಕೆಲಸ ಕಾಲ್ಮರಿ ಕಳಚಿ ಬಗಲಲ್ಲಿ ಅವುಚಿಕೊಳ್ಳುವುದು. ತಲೆ ನೆನೆದರೆ ಒಣಗುತ್ತದೆ, ತೊಗಲು ನೆನೆದರೆ ಕೆಟ್ಟಿತು. ಮುಳ್ಳು ಚುಚ್ಚಲಿ, ಕಲ್ಲು ಒತ್ತಲಿ, ಚಪ್ಪಲಿ ಮಾತ್ರ ಬಗಲಲ್ಲಿ ಬೆಚ್ಚಗಿರಬೇಕು.

ಶ್ರಾವಣದಲ್ಲಿ ನಾನು ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಕಬ್ಬೂರಿನ ತವರಿಗೆ ಹೋಗಿ ಬಂದೆ. ಮರುದಿನ ಕಾಗವಾಡದಲ್ಲಿ ಬೀಗರ ಮನೆಯ ಸಾಕರಪುಡೆ, ಅಂದರೆ ನಿಶ್ಚಿತಾರ್ಥ. ಬೆಳಿಗ್ಗೆ ಸೀರೆ ಉಟ್ಟುಕೊಂಡು ಕಾರಿನ ಹತ್ತಿರ ಬಂದರೆ ನಾಲ್ಕು ಗಾಲಿಗಳಿಗೂ ಹಳೆಯ ಬೋಳು ಟೈರುಗಳು! ಹೊಸವು ಜೋಳದ ಚೀಲಗಳ ಪಕ್ಕದಲ್ಲಿ ಗೋಣಿ ಹೊದ್ದು ಮಲಗಿದ್ದವು. ನಾನಿಲ್ಲದಾಗ ಪಂಕ್ಚರ್ ಅಂಗಡಿಯವನನ್ನು ಮನೆಗೇ ಕರೆಸಿ ಮಾವನವರೂ ಕಾಕಾನೂ ಮುಂದೆ ನಿಂತು ಮಾಡಿಸಿದ ಕೆಲಸ.

ಮಾವನವರು ಸಮಾಧಾನವಾಗಿ ವಿವರಿಸಿದರು. “ಮಳ್ಯಾಗ ನಾ ಕಾಲ್ಮರಿ ಯಾಕ ತಗೀತೀನಿ? ಒಂದ, ಕಾಲ್ಮರಿ ಉಳಿತೈತಿ. ಇನ್ನೊಂದ, ಬರಿಗಾಲು ರಾಡ್ಯಾಗ ಜಾರೂದಿಲ್ಲ. ಸವದ ಟಾಯರ್ ಅಂದ್ರ ಗಾಡಿಗಿ ಬರಿಗಾಲು ಇದ್ದಂಗ. ಮಳಿ ಮುಗೀಲಿ, ಹೊಸಾವು ಹಾಕೂಣು.”

“ಬರಿಗಾಲಿಗಿ ಬೆರಳ ಅದಾವ್ರಿ ಮಾವಾರ, ಊರಾಕ ಉಗುರ ಅದಾವ. ಈ ಬೋಳ ಟಾಯರಿಗಿ ಏನ ಐತ್ರಿ? ಆ ಗೆರಿನ ಅದರ ಬೆರಳ. ನೀರ ಅದರಾಗ ಹಾದ ಹೋದ್ರ ರಬ್ಬರ್ ನೆಲಾ ಹಿಡಿತೈತಿ.”

“ಸಾಲಿ ಕಲಿಸೂದು ಸಾಲ್ಯಾಗ,” ಎಂದ ಕಾಕಾ.

ಈ ಗಾಲಿಗಳ ಮೇಲೆ ನಾನು ಓಡಿಸುವುದಿಲ್ಲ ಎಂದೆ. ಜಾರಿದರೆ ಟೈರು ಬದಲಿಸಿದವರನ್ನು ಯಾರೂ ಕೇಳುವುದಿಲ್ಲ, ಕೀಲಿ ಹೋಗುವುದು ನನ್ನದು. ನಮ್ಮ ಮನೆಯವರಿಗೆ ಅಷ್ಟೇ ಬೇಕಾಗಿತ್ತು. “ಅಂಜಬ್ಯಾಡ, ನಾ ಅದೇನಿ,” ಎಂದು ಕೀಲಿ ಇಸಿದುಕೊಂಡರು. ಮಾವನವರು ಮುಂದೆ ಕೂತರು, ನಾನೂ ಕಾಕಾನೂ ಹಿಂದೆ. ಕಾಕಾನ ತೊಡೆಯ ಮೇಲೆ ಪೇಢೆಯ ಡಬ್ಬಿ. ಮೆಲ್ಲಗೆ ಹೋಗಿ ಎಂದು ನಾನು ಅಂದಾಗಲೆಲ್ಲ ನಮ್ಮ ಮನೆಯವರು ರೇಡಿಯೋದ ದನಿ ಏರಿಸಿದರು.

ಅಥಣಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಬ್ರೇಕ್ ಒತ್ತಿದರು. ಎಮ್ಮೆಗಳು ನಿಂತವು, ಕಾರು ನಿಲ್ಲಲಿಲ್ಲ. ಅದು ರಾಡಿಯ ಮೇಲೆ ಅರ್ಧ ಸುತ್ತು ತಿರುಗಿ, ಹಿಂದುಮುಂದಾಗಿ ಪಕ್ಕದ ಕಬ್ಬಿನ ಗದ್ದೆಗೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಪೇಢೆಗಳು ಮಾತ್ರ ಚೆಲ್ಲಾಪಿಲ್ಲಿಯಾದವು. ಆಗ ನಗು ಬರಲಿಲ್ಲ.

ಹೊಲದ ಜನ ಓಡಿ ಬಂದರು. ಅವರ ಮೊದಲ ಪ್ರಶ್ನೆ, “ಯಾರು ಓಡಸಾಕತ್ತಿದ್ರು? ಬಾಯಾರೇನ್ರಿ?” ಬಾಯಾರು ಎಂದರೆ ಹೆಂಗಸು, ಅಂದರೆ ನಾನು.

“ಅಲ್ಲ, ನನ್ನ ಮಗಾ,” ಎಂದರು ಮಾವನವರು.

“ಹಂಗಾರ ರಸ್ತಾನ ಸರಿ ಇಲ್ಲ ಬಿಡ್ರಿ,” ಎಂದು ಅವರು ಒಮ್ಮತದಿಂದ ತೀರ್ಪು ಕೊಟ್ಟರು. “ಪುಣ್ಯಾ, ಹೆಣಮಗಳ ಕೈಯಾಗ ಇರಲಿಲ್ಲ,” ಎಂದು ಒಬ್ಬ ಮುದುಕ ಕೈ ಮುಗಿದ. ಕಬ್ಬಿನ ಗದ್ದೆಯಲ್ಲಿ ಹಿಂದುಮುಂದಾಗಿ ಕೂತ ಕಾರಿನೊಳಗಿಂದ ನಾನು ಅದನ್ನು ಕೇಳಿಸಿಕೊಂಡೆ. ಸಿಟ್ಟು ನೆತ್ತಿಗೇರಿತು.

ಮಾವನವರು ಕೆಳಗಿಳಿದರು. ಇಳಿಯುವ ಮೊದಲು ಕಾಲ್ಮರಿ ಕಳಚಿ ಬಗಲಲ್ಲಿ ಇಟ್ಟುಕೊಳ್ಳುವುದನ್ನು ಮರೆಯಲಿಲ್ಲ. ರಾಡಿಯಲ್ಲಿ ಬೆರಳೂರಿ, ಚೂರೂ ಜಾರದೆ ನಿಂತರು. ಬೋಳು ಟೈರಿನ ಮೇಲೆ ಅಂಗೈ ಆಡಿಸಿ, ಆಮೇಲೆ ತಮ್ಮ ಕಾಲಿನ ಬೆರಳುಗಳನ್ನು ನೋಡಿಕೊಂಡರು.

ನಾನೂ ಇಳಿದೆ. “ಮಾವಾರ, ಗಾಡಿ ಜಾರಿ ರಸ್ತಾ ಬಿಡ್ತಲ್ರಿ. ಈಗ ಬಸ್ಸ ಯಾರಿಗ್ರಿ?”

“ಅದು ನಿನಗಷ್ಟ ಹೇಳಿದ ಮಾತಲ್ಲೇನ ಯವ್ವಾ?” ಎಂದ ಕಾಕಾ, ಪೇಢೆಯ ಕೆಸರು ಒರೆಸುತ್ತ.

ಮಾವನವರು ಬಗಲಲ್ಲಿದ್ದ ಕಾಲ್ಮರಿಯನ್ನು ಇನ್ನಷ್ಟು ಅವುಚಿಕೊಂಡರು. ಕೊನೆಗೆ ಮಗನ ಮುಂದೆ ಕೈ ಚಾಚಿ ಕೀಲಿ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. “ಯಾರ ಕೈಯಾಗ ಜಾರ್ತು, ಅವರಿಗಿ ಬಸ್ಸ,” ಎಂದರು. ಅದು ನ್ಯಾಯವೋ, ಜೀವಂತ ಮನೆ ಮುಟ್ಟುವ ಆಸೆಯೋ ನನಗೆ ಇಂದಿಗೂ ಗೊತ್ತಿಲ್ಲ. ಕೀಲಿ ಬೆಚ್ಚಗಿತ್ತು, ನಾನು ಮುಷ್ಟಿ ಬಿಗಿ ಹಿಡಿದೆ. ಹೊಲದ ಜನ ತಳ್ಳಿ ರಸ್ತೆಗೆ ಹತ್ತಿಸಿದ ಕಾರನ್ನು ಎಮ್ಮೆಯ ನಡಿಗೆಯಲ್ಲಿ ಮನೆ ಮುಟ್ಟಿಸಿದೆ.

ಮರುದಿನವೇ ಹೊಸ ಟೈರುಗಳು ಗೋಣಿಯಿಂದ ಹೊರಬಂದವು. ಹಳೆಯವು ಈಗ ದನದ ಕೊಟ್ಟಿಗೆಯ ತಗಡಿನ ಮೇಲೆ, ಗಾಳಿಗೆ ತಗಡು ಹಾರದಂತೆ ಕೂತಿವೆ. ಮಳೆಯಲ್ಲಿ ಅವನ್ನು ತೋರಿಸಿ ಮಾವನವರು, “ನೋಡ, ಹೆಂಗ ಗಟ್ಟಿ ಹಿಡಕೊಂಡ ಕುಂತಾವ. ಇನ್ನೂ ಹತ್ತ ವರ್ಷ ಬರ್ತಾವ,” ಎನ್ನುತ್ತಾರೆ. “ಹೌದ್ರಿ,” ಎನ್ನುತ್ತೇನೆ ನಾನು. ನಮ್ಮ ಮನೆಯವರು ಮೊದಲೆಲ್ಲ ಮಳೆ ಬಂದ ದಿನ ರಾಯಬಾಗದ ಕೆಲಸಕ್ಕೆ ಕಾರು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಕೊಡೆ ಹಿಡಿದು ಸುಮ್ಮನೆ ನನ್ನ ಪಕ್ಕದಲ್ಲಿ ಕೂರುತ್ತಾರೆ, ನಾನು ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಶಾಲೆಗೆ ಹೋಗುತ್ತೇನೆ.