ಅಜ್ಜಿಯನ್ನು ಕೂರಿಸುವವರು ಯಾರು

ತೆಂಗಿನ ಗರಿಯ ಕಡ್ಡಿಯೊಂದನ್ನು ಅಜ್ಜಿಯ ಬಲಗಾಲಿನ ಹಿಮ್ಮಡಿಗೆ ತಾಗಿಸಿ, ಹೆಬ್ಬೆರಳ ತುದಿ ಬಂದಲ್ಲಿ ಅಪ್ಪ ಅದನ್ನು ಉಗುರಿನಿಂದ ಚಿವುಟಿ ಮುರಿದರು. ಆಮೇಲೆ ನಾನದನ್ನು ಕೈಗೆ ತೆಗೆದುಕೊಂಡು ನೋಡಿದೆ. ನನ್ನ ಗೇಣಿಗಿಂತ ಒಂದು ಬೆರಳಗಲ ಹೆಚ್ಚಿತ್ತು, ಅಷ್ಟೆ.

ಅಜ್ಜಿ, ಅಂದರೆ ನನ್ನ ಅಮ್ಮನ ತಾಯಿ, ಅಂದು ನಸುಕಿನಲ್ಲಿ ಅಜ್ಜಂಪುರದ ನಮ್ಮ ಮನೆಯಲ್ಲೇ ತೀರಿಕೊಂಡಿದ್ದಳು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಗುಣಿಯ ಉದ್ದ, ಅಗಲ, ಅದರೊಳಗೆ ದೇಹವನ್ನು ಕೂರಿಸಲು ಕೊರೆಯುವ ಗೂಡು, ಎಲ್ಲಕ್ಕೂ ಅಳತೆ ಸತ್ತವರದೇ ಪಾದ. ಅದು ನನಗೆ ಆ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ. ತನ್ನ ಕೊನೆಯ ಕೋಣೆಯ ಅಳತೆಯನ್ನು ಕಾಲಲ್ಲೇ ಇಟ್ಟುಕೊಂಡು ಅಜ್ಜಿ ಇಷ್ಟು ವರ್ಷ ಹೊಲಕ್ಕೂ ಸಂತೆಗೂ ನಡೆದಿದ್ದಳು ಎಂದುಕೊಂಡಾಗ ಕಡ್ಡಿಯನ್ನು ನೆಲದ ಮೇಲಿಡಲು ಮನಸ್ಸಾಗಲಿಲ್ಲ. ಅಪ್ಪನ ಕೈಗೇ ಕೊಟ್ಟೆ.

ಓದಿದವಳು ಎಂಬ ಕಾರಣಕ್ಕೆ ಫೋನಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾರಿಗೆ ತಿಳಿಸಬೇಕು, ಏನೇನು ತರಿಸಬೇಕು, ಯಾವುದಾದ ಮೇಲೆ ಯಾವುದು, ಒಂದೂ ನನಗೆ ಹೊಳೆಯುತ್ತಿರಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತು ಫೋನಿನಲ್ಲಿದ್ದ ಎಐಯನ್ನು ಕೇಳಿದೆ: ಅಜ್ಜಿ ಹೋಗಿದ್ದಾಳೆ, ಇವತ್ತಿನ ಕೆಲಸಗಳನ್ನು ಜೋಡಿಸಿಕೊಡು. ಒಳ್ಳೆಯ ಕನ್ನಡದಲ್ಲೇ ಉತ್ತರ ಬಂತು. ಸೌದೆ, ಚಿತೆಗೆ ಬೆಂಕಿಯಿಡುವ ಹಿರಿಯ ಮಗ, ನದಿಯಲ್ಲಿ ಬಿಡಬೇಕಾದ ಅಸ್ಥಿ.

ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ಇದ್ಯಾರ ಅಜ್ಜಿನಮ್ಮ?" ಎಂದರು.

ನಾವು ವೀರಶೈವರು, ಕೂರಿಸಿ ಹೂಳುವವರು, ಅಜ್ಜಿಗೆ ಗಂಡುಮಕ್ಕಳಿಲ್ಲ, ಅಮ್ಮ ಒಬ್ಬಳೇ ಮಗಳು ಎಂದು ಬರೆದೆ. ಕೇಳದೆ ಊಹಿಸಿದ್ದು ತನ್ನ ತಪ್ಪು ಎಂದು ಅದು ಒಪ್ಪಿಕೊಂಡಿತು. ಈ ಪದ್ಧತಿ ಊರಿಂದ ಊರಿಗೆ ಬದಲಾಗುತ್ತದೆ, ವಿಧಿಯ ವಿಷಯವನ್ನು ಹಿರಿಯರನ್ನೇ ಕೇಳಿ, ಉಳಿದದ್ದನ್ನು ನಾನು ಜೋಡಿಸುತ್ತೇನೆ ಎಂದಿತು. ಹಾಗೇ ಮಾಡಿತು ಕೂಡ. ಕಡೂರಿನಿಂದ ರೈಲಿಗೆ ಬರುವವರು, ಅಮೃತಾಪುರದಿಂದ ಬಸ್ಸು ಬದಲಿಸಿ ಬರುವವರು, ವಿಭೂತಿ, ಬಿಲ್ವಪತ್ರೆ, ಬಂದವರಿಗೆ ನೆರಳು, ನೀರು. ಎಲ್ಲದರ ಕೆಳಗೆ ಒಂದು ಪ್ರಶ್ನೆ ಇತ್ತು: ಅಜ್ಜಿಯನ್ನು ಗೂಡಿನಲ್ಲಿ ಕೂರಿಸುವವರು ಯಾರು? ಮಗಳ ಇಷ್ಟವೇನೆಂದು ಯಾರಾದರೂ ಕೇಳಿದ್ದಾರೆಯೇ?

ಮನೆ ತುಂಬ ಜನರಿದ್ದರು. ಯಾರೂ ಕೇಳಿರಲಿಲ್ಲ. ಅಜ್ಜಿಯ ಮೈದುನನ ಮಗ, ನಾನು ಮಾವ ಎನ್ನುವವರು, ತರೀಕೆರೆಯಿಂದ ಹೊರಟಿದ್ದರು. ಗುಣಿಗೆ ಇಳಿಯುವವರು ಅವರೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅಜ್ಜಿಯನ್ನು ಒಮ್ಮೆಯೂ ನೋಡದ ಒಂದು ಯಂತ್ರಕ್ಕೆ ಅದನ್ನು ಕೇಳಬೇಕೆನಿಸಿತಲ್ಲ ಎಂದು ಆ ಸಾಲನ್ನೇ ನೋಡುತ್ತ ಕೂತೆ. ಅದಕ್ಕೆ ಏನಾದರೂ ಅನಿಸುತ್ತದೆಯೋ ಇಲ್ಲವೋ, ಅದು ನನಗೆ ಈಗಲೂ ತಿಳಿಯದು.

ಅಮ್ಮ ಒಳಗೆ ಅಜ್ಜಿಯ ತಲೆ ಬಾಚುತ್ತಿದ್ದಳು.

"ಅಜ್ಜಿನ ಯಾರು ಕೂರಿಸ್ಬೇಕು ಅಂತ ನಿಂಗೆ ಇಷ್ಟ?" ಎಂದೆ.

ಬಾಚಣಿಗೆ ನಿಂತಿತು. "ದಿನಾ ಹಾಸಿಗೆಯಿಂದ ಎಬ್ಬಿಸಿ ಕೂರಿಸ್ತಿದ್ದೋಳು ನಾನು. ಎಲ್ಲಿ ಹಿಡ್ಕೊಂಡ್ರೆ ಅವ್ವಂಗೆ ನೋಯಲ್ಲ ಅಂತ ನಂಗೊಬ್ಳಿಗೇ ಗೊತ್ತು ಕಣೇ." ಆಮೇಲೆ, "ಯಾರ್ ಬಿಡ್ತಾರೆ ಹೇಳು," ಎಂದು ಮತ್ತೆ ಬಾಚತೊಡಗಿದಳು.

ನಾನು ಹೊರಗೆ ಬಂದು ಅದನ್ನು ಹಾಗೆಯೇ ಎಐಗೆ ಬರೆದೆ. ಹೆಂಗಸರು ಗುಣಿಗೆ ಇಳಿಯಬಹುದೇ ಎಂದು ಹಿರಿಯರನ್ನು ಕೇಳಿದರೆ ರೂಢಿಯ ಉತ್ತರವಷ್ಟೇ ಸಿಗಬಹುದು, ಮಗಳೇ ಕೂರಿಸಬೇಕೆಂದಿದ್ದಾರೆ, ಅದಕ್ಕೇನು ಸಿದ್ಧತೆ ಬೇಕು ಎಂದು ಕೇಳಿ ನೋಡಿ ಎಂದಿತು. ತೀರ್ಮಾನ ಮಾತ್ರ ನಿಮ್ಮವರದೇ ಎಂದೂ ಸೇರಿಸಿತು. ಕ್ರಿಯೆ ನಡೆಸಿಕೊಡಲು ಬರಬೇಕಿದ್ದ ಅಯ್ಯನವರಿಗೆ ಫೋನ್ ಮಾಡಿ ಹಾಗೆಯೇ ಕೇಳಿದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣಗಿತ್ತು.

ಅವರು, "ನಿಮ್ಮಮ್ಮಂಗೆ ಮಂಡಿ ಗಟ್ಟಿ ಇದ್ಯೇನಮ್ಮ?" ಎಂದರು.

"ನೋವಿದೆ, ಅಯ್ನೋರೆ."

"ಹಂಗಾದ್ರೆ ಗುಣಿಗೆ ಮೆಟ್ಲು ಒಂದು ಜಾಸ್ತಿ ಕಡಿಯಕ್ಕೆ ಹೇಳು. ಲಿಂಗಕ್ಕೆ ಗಂಡು ಹೆಣ್ಣು ಅಂತ ಎಲ್ಲೈತೆ?"

ಮಾವ ಬಂದವರು ವಿಷಯ ಕೇಳಿ ಪಂಚೆ ಎತ್ತಿಕಟ್ಟಿದಲ್ಲೇ ನಿಂತರು. "ಅಲ್ಲ ಕಣೇ, ಮಂಡಿನೋವು ಅಂತ ನಮ್ಮೂರಿಗೆ ಬಸ್ಸೇ ಹತ್ತಲ್ಲ ನೀನು. ಗುಣಿಗೆ ಇಳಿತೀಯಾ?"

"ಬಸ್ಸಿಗೆ ಹತ್ಬೇಕು ಕಣಣ್ಣ. ಇದಕ್ಕೆ ಇಳಿದ್ರೆ ಸಾಕು," ಎಂದಳು ಅಮ್ಮ.

ಯಾರೋ ಮುಖ ತಿರುಗಿಸಿ ನಕ್ಕರು. ಮಾವ ನಗಲಿಲ್ಲ. ಅಷ್ಟರಲ್ಲಿ ಬಂದಿದ್ದ ಅಯ್ಯನವರ ಕಡೆ ನೋಡಿದರು, ಅಜ್ಜಿಯ ಕಡೆ ನೋಡಿದರು. ಆಮೇಲೆ, "ಸರಿ. ನಾನು ಮೇಲಿಂದ ಇಳಿಸ್ತೀನಿ. ನೀನು ಕೆಳಗೆ ತಗೋ," ಎಂದರು.

ನಮ್ಮ ಹೊಲದ ಮಣ್ಣು ಕಪ್ಪು. ಕಡಿದ ಕಡೆ ಒದ್ದೆಯಾಗಿ ಹೊಳೆಯುತ್ತಿತ್ತು. ಅಮ್ಮ ಸೆರಗು ಸಿಕ್ಕಿಸಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಳು. ಮಾವ ಮತ್ತು ಅಪ್ಪ ಅಜ್ಜಿಯನ್ನು ಕೆಳಗೆ ಬಿಟ್ಟಾಗ ಅಮ್ಮ ಒಂದು ಕೈಯನ್ನು ಅವಳ ಎಡತೋಳಿನ ಕೆಳಗೆ, ಇನ್ನೊಂದನ್ನು ಮೊಣಕಾಲುಗಳ ಹಿಂದೆ ಹಾಕಿದಳು. ದಿನವೂ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅದೇ ಹಿಡಿತ. "ಒಸಿ ಒರಗವ್ವ," ಎಂದಳು, ಯಾವತ್ತಿನ ದನಿಯಲ್ಲಿ. ಅಜ್ಜಿ ಅವಳ ಭುಜಕ್ಕೆ ಒರಗಿ ಗೂಡಿನೊಳಗೆ ಹೋದಳು. ಅಮ್ಮ ಅವಳ ಬೆನ್ನು ಸರಿಮಾಡಿದಳು, ಗದ್ದದ ಕೆಳಗೆ ಪತ್ರೆ ಒತ್ತಿಟ್ಟಳು, ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳುಗಳನ್ನು ಮಡಿಸಿದಳು. ಅಜ್ಜಿ ನೆಟ್ಟಗೆ ಕೂತಿದ್ದಳು.

ಮಗಳು ತಾಯಿಯನ್ನು ಮಣ್ಣಿನೊಳಗೆ ಎಳೆಗೂಸಿನಂತೆ ಕೂರಿಸುವುದನ್ನು ನಾನು ಮೇಲಿಂದ ನೋಡಿದೆ. ಭಯವಾಗಲಿಲ್ಲ. ದೊಡ್ಡ ದೇವಸ್ಥಾನದ ಗರ್ಭಗುಡಿಯ ಮುಂದೆಯೂ ನನ್ನ ಮೈ ಹಾಗೆ ಜುಮ್ಮೆಂದದ್ದಿಲ್ಲ. ಫೋನು ಕೈಯಲ್ಲೇ ಇತ್ತು. ಫೋಟೋ ತೆಗೆಯಲಿಲ್ಲ, ಯಾರಿಗೂ ಏನನ್ನೂ ಬರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಬಿಸಿಲು ಬಂದರೂ ಅಮ್ಮ ಎದ್ದಿರಲಿಲ್ಲ. ನೆಂಟರ ಫೋನುಗಳು ಶುರುವಾದವು. ನಾನು ಸದ್ದು ತಗ್ಗಿಸಿ, ಫೋನನ್ನು ಹಿತ್ತಿಲಿಗೆ ಒಯ್ದು, ಒಗೆಯುವ ಕಲ್ಲಿನ ಮೇಲೆ ಕೂತೆ. ಮದುವೆಮನೆಗಳಲ್ಲಿ ನಾಲ್ಕು ಮಾತಾಡಲು ಹಿಂಜರಿಯುವವಳು, ಕೇಳಿದ ಪ್ರತಿಯೊಬ್ಬರಿಗೂ ಹೇಳಿದೆ: "ಹೌದು, ಕೇಳಿದ್ದು ನಿಜ. ಅಮ್ಮನೇ ಇಳಿದಿದ್ದು. ಈಗ ಮಲಗಿದ್ದಾಳೆ, ಎಬ್ಬಿಸಲ್ಲ."