ಪಾಂಡವರ ಮನೆಯ ಸುತ್ತ ಹಿಪ್ಪುನೇರಳೆ

ಹನೂರಿನಿಂದ ಒಡೆಯರಪಾಳ್ಯದ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ ನಡೆದರೆ, ಕಾಡಂಚಿನ ಹೊಲವೊಂದರಲ್ಲಿ ಕಲ್ಲಿನ ಗೋರಿ ಇದೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದನ್ನು ಹೊದಿಸಿದ್ದಾರೆ. ಒಂದು ಚಪ್ಪಡಿಯಲ್ಲಿ ತಲೆ ತೂರುವಷ್ಟು ದುಂಡನೆಯ ಕಿಂಡಿ. ಕಬ್ಬಿಣ ಬಳಕೆಗೆ ಬಂದ ಕಾಲದ ಜನ ತಮ್ಮವರ ಮೂಳೆಗಳನ್ನು ಇಟ್ಟ ಜಾಗ. ಊರಿನವರು ಅದನ್ನು ಪಾಂಡವರ ಮನೆ ಎನ್ನುತ್ತಾರೆ. ಯಳಂದೂರಿನ ಹಾಳುಗುಡಿಗಳಿಂದ ಹಿಡಿದು ಇಂಥವನ್ನೆಲ್ಲ ರಜೆಯಲ್ಲಿ ನೋಡಿಬರುವುದು ನನ್ನ ಅಭ್ಯಾಸ.

ಕಳೆದ ಬೇಸಿಗೆಯಲ್ಲಿ ಹೋದಾಗ ಹೊಲದಲ್ಲಿ ಜೆಸಿಬಿ ಓಡಾಡುತ್ತಿತ್ತು. ಹೊಲದೊಡತಿ ರೇಷ್ಮೆ ಹುಳು ಸಾಕುವವರು. ಹಿಪ್ಪುನೇರಳೆ ನೆಡಲು ನೆಲ ಮಟ್ಟ ಮಾಡಿಸುತ್ತಿದ್ದರು. ಆ ಕಲ್ಲುಗಳ ಹತ್ತಿರಕ್ಕೆ ಮಾತ್ರ ಯಂತ್ರ ಸುಳಿದಿರಲಿಲ್ಲ.

"ಅದೇನ್ ಅಂಗ್ ಬಗ್ಗಿ ನೋಡ್ತೀರಿ ಸಾ? ಬಾಡಿಗೆಗೆ ಬೇಕಾ ಮನೆ?" ಎಂದು ಆಕೆ ನಕ್ಕರು.

"ಇದು ಮನೆಯಲ್ಲಮ್ಮ, ಗೋರಿ" ಎಂದೆ. ತಪ್ಪು ಕಂಡಲ್ಲಿ ತಿದ್ದುವುದು ಪತ್ರಿಕೆಯ ಕೆಲಸ ನನಗೆ ಕಲಿಸಿದ ರೂಢಿ.

ನಗು ನಿಂತಿತು. ಈ ಕಡೆ ಹುಳುಮನೆಯೊಳಕ್ಕೆ ಸೂತಕದವರು ಕಾಲಿಡುವಂತಿಲ್ಲ. ಸಾವಿನ ಮನೆಗೆ ಹೋಗಿಬಂದ ನೆಂಟರನ್ನೂ ಬಾಗಿಲಲ್ಲೇ ತಡೆಯುತ್ತಾರೆ. ಇನ್ನು ಗೋರಿಯ ಪಕ್ಕ ಬೆಳೆದ ಸೊಪ್ಪನ್ನು ಹುಳುವಿಗೆ ಹಾಕುವುದುಂಟೆ?

"ಲೇ, ಮೊದ್ಲು ಅದ್ನ ಕಿತ್ತಾಕ್ಲಾ!" ಎಂದು ಡ್ರೈವರನಿಗೆ ಕೂಗಿದರು. ಜೆಸಿಬಿ ಕಲ್ಲುಗಳತ್ತ ತಿರುಗಿತು.

ನಾನು ಅಡ್ಡ ನಿಂತೆ. "ನಿಮ್ಮೂರ ಕೆರೆ ಏರಿ ಮೇಲಿನ ವೀರಗಲ್ಲಿಗೆ ಅರಿಶಿನ ಹಚ್ಚೋದಿಲ್ವಾ? ಅವನೂ ಸತ್ತವನೇ."

"ಅವ್ನು ನಮ್ಮೋನು ಸಾ. ದನ ಬಿಡಿಸ್ಕಂಡ್ ಬರಕ್ಕೋಗಿ ಸತ್ತೋನು."

"ಯಾರ ಮನೆಯವನು?"

"ಯಾರ್ಗೊತ್ತು? ನಮ್ಮತ್ತೆ ಅಚ್ತಿದ್ರು, ನಾನೂ ಅಚ್ತೀನಿ."

"ಇವರೂ ಇದೇ ಬಯಲಲ್ಲಿ ದನ ಮೇಯಿಸಿದವರೇ."

ಡ್ರೈವರ್ ತಲೆ ಹೊರಹಾಕಿದ. "ಅಕ್ಕೋ, ಡೀಸೆಲ್ ಉರೀತಾ ಅದೆ. ಕೀಳ್ಲಾ, ಬ್ಯಾಡ್ವಾ?"

"ಇರ್ಲಾ, ನಿಂದೊಂದು!"

ಆಕೆ ಸೆರಗು ಸಿಕ್ಕಿಸಿಕೊಂಡು ಬಂದು ಕಿಂಡಿಯೊಳಗೆ ಇಣುಕಿದರು. ಅಷ್ಟು ವರ್ಷ ಆ ಹೊಲ ಉತ್ತಿದ್ದರೂ ಒಳಗೆ ನೋಡಿದ್ದು ಅದೇ ಮೊದಲಂತೆ.

"ಏನೂ ಇಲ್ವಲ್ಲ ಸಾ?"

"ಇಲ್ಲ. ಎಂದೋ ಯಾರೋ ನಿಧಿಯಾಸೆಗೆ ಬಗೆದು ಹೋಗಿದ್ದಾರೆ. ಮಣ್ಣಿನಡಿ ಏನಾದರೂ ಉಳಿದಿದ್ದರೆ ನನಗೆ ಗೊತ್ತಿಲ್ಲ."

"ಪಾಪ, ಸತ್ತ ಮೇಲೂ ಬುಡ್ನಿಲ್ಲ ಅನ್ನಿ" ಎಂದು ಆಕೆ ಎದ್ದು, ಚಪ್ಪಡಿಯ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸಿದರು. ಸುತ್ತಲ ನೆಲವನ್ನು ಒಮ್ಮೆ ಅಳೆಯುವಂತೆ ನೋಡಿದರು.

"ಬುಡ್ಲಾ ಅದ್ನ. ಈ ಮೂಲೇಲಿ ಸೊಪ್ಪಿನ ಕಡ್ಡಿ ನೆಡಕ್ಕಿಲ್ಲ, ಸೀಮೆಹುಲ್ಲು ಆಕ್ತೀನಿ. ದನಕ್ಕೆ ಯಾವ ಸೂತಕ?"

ಜೆಸಿಬಿ ಹಿಂದಕ್ಕೆ ಸರಿದು, ಕಲ್ಲುಗಳನ್ನು ಬಳಸಿಕೊಂಡು ಹೊಲದ ಆಚೆ ಬದಿಗೆ ಹೋಯಿತು.