ಪೆನ್ನು ಲೋಟಕ್ಕೆ ಹಾಕಿ ಬನ್ನಿ

ಶೆಣೈಮಾಮನ ಹಳೆ ನೋಟಿನ ಅಂಗಡಿಗೆ ಚಪ್ಪಲಿ ಹಾಕಿಕೊಂಡು ಹೋಗಬಹುದಿತ್ತು, ನೀರು ಸೋರುವ ಕೊಡೆ ಹಿಡಿದುಕೊಂಡು ಹೋಗಬಹುದಿತ್ತು, ಬೇಕಾದರೆ ಬೆಕ್ಕನ್ನು ಎತ್ತಿಕೊಂಡೂ ಹೋಗಬಹುದಿತ್ತು. ಪೆನ್ನು ಮಾತ್ರ ಇಟ್ಟುಕೊಂಡು ಹೋಗುವಂತಿರಲಿಲ್ಲ. ಬಾಗಿಲ ಬಳಿ ಒಂದು ಸ್ಟೂಲು, ಅದರ ಮೇಲೊಂದು ಹಿತ್ತಾಳೆ ಲೋಟ. ಮೆಟ್ಟಿಲು ಹತ್ತಿ ಬಂದವರ ಮುಖ ನೋಡುವ ಮೊದಲು ಮಾಮ ಜೇಬು ನೋಡುತ್ತಿದ್ದರು.

"ಪೆನ್ನು ಲೋಟಕ್ಕೆ ಹಾಕಿ ಬನ್ನಿ. ಹೋಗುವಾಗ ತಕ್ಕೊಳ್ಳಿ. ಇಲ್ಲಿಂದ ಇಷ್ಟರವರೆಗೆ ಯಾರ ಪೆನ್ನೂ ಕಾಣೆ ಆಗ್ಲಿಲ್ಲ ಮಾರಾಯ್ರೆ."

"ಯಾಕೆ?" ಎಂದು ಕೇಳಿದೆ. "ನೋಟಿಗೆ ಮಸಿ ತಾಗಿದ್ರೆ ಮುಗೀತು" ಎಂದರು. ನಾನು ನಂಬಲಿಲ್ಲ. ಒಳ್ಳೆಯ ನೆವ ಎಂದುಕೊಂಡೆ. ಗಿರಾಕಿ ನೋಟಿನ ನಂಬರು ಬರೆದುಕೊಳ್ಳಬಾರದು, ಬದಲಾಯಿಸಿದರೆ ಗೊತ್ತಾಗಬಾರದು, ಅದಕ್ಕೆ ಈ ಲೋಟದ ನಾಟಕ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ.

ನನ್ನ ಸ್ವಭಾವವೇ ಅಂಥದ್ದು, ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನನಗೆ ಸಂಶಯಪಿಶಾಚಿ ಎಂದು ಹೆಸರು. ಅದಕ್ಕೆ ಸರಿಯಾಗಿ ಕೆಲಸವೂ ಸಿಕ್ಕಿತು. ಕಾಸರಗೋಡಿನ ಕಡೆಯಿಂದ ಬರುವ ಕನ್ನಡ ದಸ್ತಾವೇಜುಗಳನ್ನು ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಕೂತು ಅನುವಾದ ಮಾಡುವುದು, ಪ್ರತಿ ಪುಟದ ಮೂಲೆಗೂ 'ಸು.ಭ.' ಎಂದು ಚಿಕ್ಕ ಸಹಿ ಹಾಕುವುದು. ಸುಮತಿ ಭಟ್ಟಳ ಸು.ಭ. ಸಹಿ ಇಲ್ಲದ ಹಾಳೆಯನ್ನು ರಾತ್ರಿ ಬೆಳಗಾಗುವುದರೊಳಗೆ ಬದಲಾಯಿಸಿದ ಮಹಾನುಭಾವರನ್ನು ನಾನು ಕಂಡಿದ್ದೇನೆ. ಹಾಗಾಗಿ ಅಂಗಡಿಯ ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ನೋಡಿಯೇ ತರುವವಳು ನಾನು.

ಶೆಣೈಮಾಮನ ಹತ್ತಿರ ನಾನು ಹೋದದ್ದು ಅಮ್ಮನ ಬಿಸ್ಕೆಟ್ ಡಬ್ಬಿಯಿಂದಾಗಿ. ನನ್ನ ಮುತ್ತಜ್ಜ ಮಂಗಳೂರಿನಲ್ಲಿ ಜರ್ಮನಿಯವರ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಮೊದಲ ಮಹಾಯುದ್ಧದಲ್ಲಿ ಊರು ಬಿಡಬೇಕಾಗಿ ಬಂದ ಒಬ್ಬ ಜರ್ಮನ್ ದೊರೆ ಎಷ್ಟೋ ವರ್ಷದ ಮೇಲೆ ತಿರುಗಿ ಬಂದಾಗ, ನೆನಪಿಗೆ ಇರಲಿ ಎಂದು ತಮ್ಮ ದೇಶದ ನೋಟುಗಳ ಒಂದು ಕಟ್ಟು ಕೊಟ್ಟರಂತೆ. ಒಟ್ಟು ನಲವತ್ತೊಂದು. ಒಂದರಲ್ಲಿ ಐದು ಕೋಟಿ, ಇನ್ನೊಂದರಲ್ಲಿ ನೂರು ಕೋಟಿ. ನಾವು ಗಂಜಿ ಊಟ ಮಾಡಿಕೊಂಡು, ಡಬ್ಬಿಯಲ್ಲಿ ಕೋಟಿ ಇಟ್ಟುಕೊಂಡು ಬೆಳೆದ ಮಕ್ಕಳು. "ಯಾರಾದ್ರೂ ತಿಳಿದವರಿಗೆ ತೋರ್ಸು, ಆದ್ರೆ ಮೋಸ ಹೋಗ್ಬೇಡ. ಬೆಳ್ಳಗೆ ಕಂಡದ್ದೆಲ್ಲ ಹಾಲಲ್ಲ" ಎಂದು ಹೇಳಿ ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

ಕೋರ್ಟಿನ ಕಾಗದಪತ್ರ ಹಿಡಿದುಕೊಂಡು ನಾನು ತಿಂಗಳಿಗೊಮ್ಮೆ ಎರ್ನಾಕುಳಕ್ಕೆ ಹೋಗುವುದಿತ್ತು. ತ್ರಿಪ್ಪುಣಿತ್ತುರದಲ್ಲಿ ತಂಗಿಯ ಮನೆ, ಅಲ್ಲಿ ವಾಸ. ಒಂದು ಮಧ್ಯಾಹ್ನ ಬೋಟು ಹತ್ತಿ ಮಟ್ಟಾಂಚೇರಿಗೆ ಹೋದೆ. ಒಣಶುಂಠಿಯ ಗೋದಾಮಿನ ಮೇಲೆ ಒಂದು ಕಿರಿದಾದ ಮಾಳಿಗೆ. ಅಲ್ಲಿ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ, ಬನಿಯನ್ನಿನ ಮೇಲೆ ಒಂದು ಬಿಳಿ ಟವೆಲು ಹಾಕಿಕೊಂಡ, ಎಪ್ಪತ್ತು ದಾಟಿದ ಶೆಣೈಮಾಮ. ಮನೆಮಾತು ಕೊಂಕಣಿ. ಪ್ರಾಯದಲ್ಲಿ ಮಂಗಳೂರಿನ ಭಾವನ ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ಇದ್ದವರಾದ್ದರಿಂದ ನಮ್ಮ ಕಡೆಯ ಕನ್ನಡ ಲೀಲಾಜಾಲ. ಓದಲೂ ಬರೆಯಲೂ ಬರುತ್ತಿತ್ತು.

ಅವರು ನೋಟನ್ನು ನೋಡುವ ಮೊದಲು ಮೂಸುತ್ತಿದ್ದರು. ಕಣ್ಣು ಮುಚ್ಚಿ, ಮಲ್ಲಿಗೆ ಮೂಸುವವರ ಹಾಗೆ. "ಹಳೇ ಕಾಗದಕ್ಕೆ ಹಳೇದೇ ವಾಸನೆ ಉಂಟು. ಚಾಯದ ನೀರಲ್ಲಿ ಅದ್ದಿ ಹಳೇದು ಮಾಡಿದ್ದಕ್ಕೆ ಚಾಯದ್ದೇ ವಾಸನೆ." ಮೂಸಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ನೀರಚ್ಚು ನೋಡುವುದು. ಆಮೇಲೆ ಭೂತಗನ್ನಡಿ. ಕೈಯನ್ನು ಗಿರಾಕಿಯ ಎದುರೇ ತೊಳೆದು, ಒರೆಸಿ, ಗಾಳಿಗೆ ಆರಿಸಿದ ಮೇಲೆಯೇ ಇದೆಲ್ಲ. ಚಾಯ ಕುಡಿಸುವುದು ಹಿಂದಿನ ಕೋಣೆಯಲ್ಲಿ. "ನೋಟು ಇರುವಲ್ಲಿ ಚಾಯ ಇಲ್ಲ, ಚಾಯ ಇರುವಲ್ಲಿ ನೋಟಿಲ್ಲ."

ನೂರು ಕೋಟಿಯ ನೋಟನ್ನು ನಾನು ಹೆಮ್ಮೆಯಿಂದ ಮೇಲಿಟ್ಟಿದ್ದೆ. ಸಾವಿರದ ನೋಟಿನ ಮೇಲೆ ಅಡ್ಡಕ್ಕೆ ಕೆಂಪು ಅಕ್ಷರದಲ್ಲಿ ಮುದ್ರೆ ಒತ್ತಿ ನೂರು ಕೋಟಿ ಮಾಡಿದ್ದು ಅದು. ಅವರು ಮೂಸಿ ಪಕ್ಕಕ್ಕೆ ಇಟ್ಟರು.

"ಇದು ಬೇಕಾದಷ್ಟು ಉಂಟು."

"ನೂರು ಕೋಟಿ ಮಾಮ!"

"ಹೌದಮ್ಮ. ಆ ವರ್ಷ ಅಲ್ಲಿ ಹೊಸ ನೋಟು ಅಚ್ಚು ಹಾಕ್ಲಿಕ್ಕೂ ಪುರುಸೊತ್ತಿಲ್ಲ, ಹಳೇದರ ಮೇಲೆಯೇ ಮುದ್ರೆ ಹೊಡೆದದ್ದು. ಬೆಳಿಗ್ಗೆ ಬ್ರೆಡ್ಡು ಬರುವ ಹಣಕ್ಕೆ ಸಂಜೆ ಬ್ರೆಡ್ಡಿನ ಚೂರೂ ಇಲ್ಲ. ಯಾರಿಗೂ ಬೇಡದ್ದು ಹಾಗೇ ಉಳೀತು. ಬೆಲೆ ಇದ್ದದ್ದನ್ನು ಜನ ಖರ್ಚು ಮಾಡಿದ್ರು, ಹಾಗಾಗಿ ಅದು ಸಿಕ್ಕುವುದಿಲ್ಲ."

ಅಷ್ಟು ಹೇಳುತ್ತಾ ಕಟ್ಟಿನ ತಳದಿಂದ ಒಂದನ್ನು ಎಳೆದರು. ಒಂದೇ ಒಂದು ಸೊನ್ನೆಯ ಬಡಪಾಯಿ ನೋಟು, ಬರೀ ಐವತ್ತು. ಮಾಮನ ಕೈ ನಿಂತಿತು. ಮೂಸಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

"ರೆಂಟನ್‌ಮಾರ್ಕ್. ಸೊನ್ನೆಗಳನ್ನೆಲ್ಲ ಕಿತ್ತು ಹಾಕಿದ ಮೇಲೆ ಬಂದ ಹೊಸ ಹಣ ಇದು. ಐವತ್ತರದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ಕಂಡದ್ದಮ್ಮ. ಇಪ್ಪತ್ತು ಸಾವಿರ ಕೊಡ್ತೇನೆ. ಮಾರ್ಲಿಕ್ಕೆ ಅಲ್ಲ, ನನಗೆ ಇಟ್ಟುಕೊಳ್ಲಿಕ್ಕೆ. ಅಮ್ಮನ ಹತ್ತಿರ ಕೇಳಿ ಬನ್ನಿ. ಮುಂದಿನ ಸಲ ಬರುವಾಗ ಎಲ್ಲವನ್ನೂ ಒಂದು ವಾರ ಇಲ್ಲಿ ಬಿಟ್ಟು ಹೋಗಿ, ಸರಿಯಾಗಿ ನೋಡಿ ಬೆಲೆ ಹೇಳ್ತೇನೆ."

ಒಂದು ವಾರ ಬಿಟ್ಟು ಹೋಗಬೇಕಂತೆ! ಎಲಾ ಇವನ, ಎಂದುಕೊಂಡೆ. ಅಂದು ಸಂಜೆ ತಂಗಿಯ ಮನೆಯ ಊಟದ ಮೇಜಿನ ಮೇಲೆ ನಲವತ್ತೊಂದು ನೋಟುಗಳನ್ನೂ ಕವುಚಿ ಹಾಕಿ, ಪ್ರತಿಯೊಂದರ ಹಿಂಬದಿಯ ಮೂಲೆಗೆ ನೀಲಿ ಬಾಲ್‌ಪೆನ್ನಿನಲ್ಲಿ ಸು.ಭ. ಹಾಕಿದೆ. ಕಚೇರಿಯ ಅಚ್ಚುಕಟ್ಟು. ಲೋಟಕ್ಕೆ ಪೆನ್ನು ಹಾಕಿಸಿಕೊಳ್ಳುವವನಿಗೆ ಪೆನ್ನಿನಿಂದಲೇ ಉತ್ತರ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮುಂದಿನ ತಿಂಗಳು ಡಬ್ಬಿ ಅವರ ಮುಂದಿಟ್ಟೆ. ಮಾಮ ಕೈ ತೊಳೆದು ಬಂದು ಮೊದಲು ರೆಂಟನ್‌ಮಾರ್ಕನ್ನೇ ತೆಗೆದು ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಮತ್ತೊಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಸಿಕ್ಕಿಬಿದ್ದ ಎಂದು ನಾನು ಒಳಗೊಳಗೇ ಕುಣಿದೆ.

"ನಿಮಗೆ ಕಚೇರಿಯಲ್ಲಿ ದಿವಸಕ್ಕೆ ಎಷ್ಟು ಸಹಿ ಹಾಕ್ಲಿಕ್ಕೆ ಉಂಟು?" ಎಂದು ಕೇಳಿದರು.

"ಇನ್ನೂರು ಮುನ್ನೂರು."

"ಹಾಗಾದ್ರೆ ಕೈಗೆ ಅಭ್ಯಾಸ ಆಗಿರ್ತದೆ, ಪಾಪ." ಸಣ್ಣಗೆ ನಕ್ಕರು. "ವಾರ ಎಲ್ಲ ಬಿಟ್ಟು ಹೋಗುವುದು ಬೇಡ. ಉಳಿದದ್ದನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಮಕ್ಕಳು ನೋಡ್ಲಿ. ಇದಕ್ಕೆ ನಾನು ಹೇಳಿದ್ದು ಹೇಳಿದ್ದೇ." ಇಪ್ಪತ್ತು ಸಾವಿರ ಕೊಟ್ಟರು. ಅಮ್ಮ ಅದರಲ್ಲಿ ಗ್ರೈಂಡರ್ ತೆಗೆದುಕೊಂಡು, ಮೊದಲ ದಿನದ ಇಡ್ಲಿಗೆ ಜರ್ಮನ್ ಇಡ್ಲಿ ಎಂದು ಹೆಸರಿಟ್ಟಳು.

ಆಮೇಲೆ ಎರಡು ವರ್ಷ ನಾನು ಎರ್ನಾಕುಳಕ್ಕೆ ಹೋದಾಗೆಲ್ಲ ಮಾಮನಲ್ಲಿಗೆ ಹೋಗದೆ ಬಂದವಳಲ್ಲ. ಪೆನ್ನು ಲೋಟಕ್ಕೆ, ನಾನು ಹಿಂದಿನ ಕೋಣೆಗೆ. ದಿನವಿಡೀ ಮಲಯಾಳ, ಇಂಗ್ಲಿಷು ಆಡಿ ಬತ್ತಿದ ನಾಲಿಗೆಗೆ ಅವರ "ಎಂತ ವಿಶೇಷ?" ಎಂಬ ಮಾತು ಕೇಳಿದರೆ ಅರ್ಧ ಆಯಾಸ ಇಳಿಯುತ್ತಿತ್ತು. ಪಳಂಪೊರಿ, ಅಂದರೆ ನೇಂದ್ರ ಬಾಳೆಹಣ್ಣಿನ ಬಜ್ಜಿ, ತರಿಸುತ್ತಿದ್ದರು. ಚಿಕ್ಕಂದಿನಲ್ಲಿ ಹಡಗಿನ ಅಡುಗೆಯವನೊಬ್ಬ ಕೊಟ್ಟ ಕೋಟಿ ಮಾರ್ಕಿನ ನೋಟು ಹಿಡಿದುಕೊಂಡು ಹಲ್ವ ತರಲು ಹೋದ ಕತೆ ಹೇಳುತ್ತಿದ್ದರು. ಅಂಗಡಿಯವನು ಹಲ್ವ ಕೊಟ್ಟು, "ಚಿಲ್ಲರೆ ಇಲ್ಲ ಮಗಾ, ಬಾಕಿ ನಾಳೆ ಕೊಡ್ತೇನೆ" ಎಂದನಂತೆ. "ಆ ಬಾಕಿ ಇವತ್ತಿನವರೆಗೆ ಬರ್ಲಿಲ್ಲ ನೋಡಿ!" ಎಂದು ಮಾಮ ಹೊಟ್ಟೆ ಕುಣಿಸಿ ನಗುತ್ತಿದ್ದರು. ನನಗೆ ಅವರು ತುಂಬ ಇಷ್ಟವಾಗಿದ್ದರು. ಆದರೂ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಒಂದು ಯೋಚನೆ ಉಳಿದೇ ಇತ್ತು. ಚೌಕಾಸಿಯೇ ಇಲ್ಲದೆ ಕೊಟ್ಟರಲ್ಲ, ಯಾಕೆ?

ಉತ್ತರ ಫೋನಿನಲ್ಲಿ ಸಿಕ್ಕಿತು ಎಂದುಕೊಂಡೆ. ಯಾವುದೋ ಹರಾಜಿನಲ್ಲಿ ಅಂಥದ್ದೇ ಐವತ್ತರ ರೆಂಟನ್‌ಮಾರ್ಕು ಲಕ್ಷ ರೂಪಾಯಿಯ ಹತ್ತಿರಕ್ಕೆ ಹೋಗಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಮಟ್ಟಾಂಚೇರಿಯ ಮುದುಕ ನಮ್ಮನ್ನು ಬೋಳಿಸಿದ ಎಂದು. ಬ್ಯಾಂಕಿನಿಂದ ಇಪ್ಪತ್ತು ಸಾವಿರ ತೆಗೆದು ರೈಲು ಹತ್ತಿದೆ.

ಮಾಮನ ಮುಂದೆ ಇಬ್ಬರು ಗಿರಾಕಿಗಳು ಕೂತಿದ್ದರು. ನಾನು ಅವರ ಮುಖವನ್ನೂ ನೋಡಲಿಲ್ಲ. ಪೆನ್ನು ಲೋಟಕ್ಕೆ ಎಸೆದೆ, ಹಣ ಮೇಜಿಗೆ ಹಾಕಿದೆ, ಫೋನು ಮೂಗಿನ ಮುಂದೆ ಹಿಡಿದೆ.

"ನಮ್ಮ ಮುತ್ತಜ್ಜನ ನೋಟು ವಾಪಸ್ ಕೊಡಿ. ಆ ಹಲ್ವದ ಅಂಗಡಿಯವನ ಹಾಗೆ ನಮ್ಮ ಬಾಕಿ ನುಂಗಿದ್ರಲ್ಲ ನೀವು!"

ಮಾಮ ಫೋನು ನೋಡಿದರು. "ಇದು ಆ ನೋಟು ಅಲ್ಲಮ್ಮ" ಎಂದರು.

"ನನಗೂ ಕಣ್ಣುಂಟು!"

ಅವರು ಆಲ್ಬಮ್ ತೆರೆದು ನೋಟನ್ನು ಹೊರಗೆಳೆದರು. ಅದನ್ನು ತಿರುಗಿಸಲು ಹೊರಟ ಬೆರಳು ಅರ್ಧದಲ್ಲಿ ನಿಂತಿತು. ಗಿರಾಕಿಗಳ ಕಡೆ ಒಮ್ಮೆ ನೋಡಿ, ತಿರುಗಿಸದೆ ಹಾಗೆಯೇ ಕವರಿಗೆ ಹಾಕಿ ನನ್ನ ಕೈಗಿಟ್ಟರು. "ಒಳ್ಳೆ ಬೆಲೆ ಬಂದ್ರೆ ಒಂದು ಮಾತು ತಿಳ್ಸಿ, ನನಗೂ ಸಂತೋಷವೇ. ಚಾಯ ಕುಡಿದು ಹೋಗಿ."

ಚಾಯವಂತೆ ಚಾಯ! ದಡದಡ ಮೆಟ್ಟಿಲಿಳಿದೆ. ಬೋಟಿನಲ್ಲಿ ಕೂತ ಮೇಲೆ ಪೆನ್ನು ಲೋಟದಲ್ಲೇ ಉಳಿದದ್ದು ನೆನಪಾಯಿತು. ಅದನ್ನೂ ನುಂಗಲಿ ಎಂದುಕೊಂಡೆ.

ತಿರುವನಂತಪುರದ ಒಂದು ಸಭಾಂಗಣದಲ್ಲಿ ಹಳೆ ನಾಣ್ಯ, ನೋಟುಗಳ ಪ್ರದರ್ಶನ ಇದ್ದಾಗ ಅದನ್ನು ಒಯ್ದೆ. ಅಲ್ಲಿ ಕೂತಿದ್ದ ವ್ಯಾಪಾರಿಗೆ ಮುಂಬದಿ ನೋಡಿ ಕಣ್ಣರಳಿತು, ಎದ್ದೇ ನಿಂತ. ಆಮೇಲೆ ತಿರುಗಿಸಿದ. ಕೂತುಬಿಟ್ಟ.

"ಅಯ್ಯೋ ಚೇಚಿ, ಯಾವ ಮಹಾಪಾಪಿ ಇದರ ಮೇಲೆ ಪೆನ್ನಲ್ಲಿ ಗೀಚಿದ್ದು?" ಎಂದು ಮಲಯಾಳದಲ್ಲಿ ಕೇಳಿದ. "ಇದೇನು, ಸಿಂಹಳವಾ? ಇನ್ನು ಇದನ್ನು ಯಾರೂ ಮುಟ್ಟುವುದಿಲ್ಲ. ಅಳಿಸಿದರೆ ಕಾಗದವೇ ಹೋಗುತ್ತದೆ. ನೀವು ಇಷ್ಟು ದೂರ ಬಂದಿದ್ದೀರಿ ಅಂತ ಎರಡು ಸಾವಿರ ಕೊಡಬಹುದು, ಅಷ್ಟೇ."

ಸಿಂಹಳವಲ್ಲ, ಕನ್ನಡ. ಸು.ಭ. ಸುರುಳಿ ಸಮೇತ, ಅಚ್ಚುಕಟ್ಟಾಗಿ. ಆ ಊರಿನಲ್ಲಿ ಯಾರಿಗೂ ಓದಲು ಬಾರದ ಅಕ್ಷರವನ್ನು ಶೆಣೈಮಾಮ ಎರಡು ವರ್ಷ ಹಿಂದೆಯೇ ಓದಿದ್ದರು. ಎರಡು ಸಾವಿರದ ಕಾಗದಕ್ಕೆ ಇಪ್ಪತ್ತು ಸಾವಿರ ಕೊಟ್ಟಿದ್ದರು, ಕೊಟ್ಟ ಮಾತು ಎಂದು. ಇಬ್ಬರು ಗಿರಾಕಿಗಳ ಮುಂದೆ ನಾನು ಅವರನ್ನು 'ಕಳ್ಳ' ಎನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಂದಾಗ, ನನ್ನ ಮಾನ ಉಳಿಸಲು ಬೆರಳು ಹಿಂದಕ್ಕೆ ತೆಗೆದುಕೊಂಡಿದ್ದರು. ತಾ ಕಳ್ಳ, ಪರರ ನಂಬ ಎಂದು ಅಜ್ಜಿ ಬೈಯುತ್ತಿದ್ದುದು ನೆನಪಾಗಿ, ನೋಟನ್ನು ಕವರಿಗೆ ಹಾಕಿಕೊಂಡು ಸಭಾಂಗಣದಿಂದ ಹೊರಗೆ ಬಂದೆ.

ಮರುದಿನವೇ ಹೋಗಬೇಕಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು? ಎರಡು ಸಲ ಎರ್ನಾಕುಳದ ಬೋಟುಜೆಟ್ಟಿಯವರೆಗೆ ಹೋಗಿ ತಿರುಗಿ ಬಂದೆ. ನಾಲ್ಕನೆಯ ತಿಂಗಳು ಧೈರ್ಯ ಮಾಡಿ ಮೆಟ್ಟಿಲು ಹತ್ತಿದಾಗ ಒಳಗೆ ರಟ್ಟಿನ ಪೆಟ್ಟಿಗೆಗಳು. ಮಾಮನ ಮಗಳು ಆಲ್ಬಮ್‌ಗಳನ್ನು ತುಂಬಿಸುತ್ತಿದ್ದಳು. ಅಪ್ಪ ಹೋಗಿ ಇಪ್ಪತ್ತು ದಿನ ಆಯಿತು ಎಂದಳು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಅವಳೇ ನನ್ನ ಮುಖ ನೋಡಿ, "ತಿರುವನಂತಪುರದ ಚೇಚಿಯಾ?" ಎಂದು ಕೇಳಿ, ಸ್ಟೂಲಿನ ಮೇಲಿನ ಹಿತ್ತಾಳೆ ಲೋಟ ತಂದಳು. ಒಳಗೆ ಒಂದೇ ಒಂದು ಪೆನ್ನು. ನನ್ನದು.

"ಇದನ್ನು ಯಾರಿಗೂ ಕೊಡಬೇಡ ಅಂದಿದ್ದರು ಅಪ್ಪ. 'ಅವಳು ಬರ್ತಾಳೆ. ಯಾರನ್ನೂ ನಂಬುವವಳಲ್ಲ, ನನ್ನ ಹತ್ತಿರ ಪೆನ್ನು ಬಿಟ್ಟು ಹೋಗ್ತಾಳಾ?' ಅಂತ ನಗುತ್ತಿದ್ದರು."

ನೋಟನ್ನು ಅವಳ ಕೈಗೆ ಕೊಟ್ಟು ಆಲ್ಬಮ್ಮಿನಲ್ಲಿ ಅದರ ಜಾಗಕ್ಕೆ ಹಾಕಲು ಹೇಳಿದೆ. ಆ ಜಾಗ ಖಾಲಿಯೇ ಇತ್ತು. ಪೆನ್ನು ತೆಗೆದುಕೊಂಡು ಮೆಟ್ಟಿಲಿಳಿದೆ. ಕೆಳಗೆ ಒಣಶುಂಠಿಯ ಮೂಟೆಗಳ ಪಕ್ಕ ನಿಂತಾಗ ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ! ಇದು ನನ್ನದೇ ಪೆನ್ನೋ, ಒಳಗಿನ ರೀಫಿಲ್ ಬದಲಾಗಿದೆಯೋ ಎಂದು ಎಡ ಅಂಗೈ ಮೇಲೆ ಗೀಚಿ ನೋಡಿದೆ. ಕೈ ತನ್ನಷ್ಟಕ್ಕೆ ತಾನೇ ಬರೆಯಿತು: ಸು.ಭ.

ಅಲ್ಲಿಯೇ ಮೂಟೆಯ ಮೇಲೆ ಕೂತು ಅತ್ತೆ. ಬೋಟು ದಾಟಿ, ಮೆಟ್ರೋ ಹತ್ತಿ, ತ್ರಿಪ್ಪುಣಿತ್ತುರ ಮುಟ್ಟುವವರೆಗೂ ಆ ಕೈಯನ್ನು ಯಾರಿಗೂ ಕಾಣದಂತೆ ಮುಚ್ಚಿ ಹಿಡಿದುಕೊಂಡಿದ್ದೆ.